ಹಸಿರು ಇಂಜಿನ್ ಹುಡುಕಿದವರಿಗೆ ಕಪ್ಪು ಇಂಜಿನ್ ಸಿಕ್ಕಿತು: ಮೊದಲ ಮಾಡೆಲ್ ರೈಲಿನ ಒಂದು ಪ್ರಕರಣ

ಪ್ರಕರಣ ಇಷ್ಟು. ಅರವತ್ತು ದಾಟಿದ ಒಬ್ಬರು ನನ್ನ ಹತ್ತಿರ ಬಂದರು. ಚಿಕ್ಕಂದಿನಲ್ಲಿ ತಮಗೆ ಸಿಕ್ಕ ಮೊದಲ ಮಾಡೆಲ್ ರೈಲು ಇಂಜಿನ್ ಯಾವುದು ಅಂತ ಗೊತ್ತಾಗಬೇಕು, ಆಮೇಲೆ ಅಂಥದ್ದೇ ಇನ್ನೊಂದು ಹುಡುಕಿ ಓಡಿಸಬೇಕು, ಇದು ಅವರ ಆಸೆ. ಇಂಜಿನ್ ಕಳೆದುಹೋಗಿ ಎಷ್ಟೋ ಕಾಲವಾಗಿದೆ. ಡಬ್ಬಿ ಇಲ್ಲ, ಬಿಲ್ ಇಲ್ಲ, ಒಂದು ತುಂಡು ಹಳಿಯೂ ಇಲ್ಲ. ಇದ್ದದ್ದು ಅವರ ನೆನಪು, ಮತ್ತು ಆಗ ಜೊತೆಗೆ ಆಡುತ್ತಿದ್ದ ಅವರ ಅಕ್ಕ.

ನಾನು ಹಳೆಯ ಮಾಡೆಲ್ ಇಂಜಿನ್‌ಗಳನ್ನು ಬಿಚ್ಚಿ, ತೊಳೆದು, ಮತ್ತೆ ಓಡುವ ಹಾಗೆ ಮಾಡುವವನು. ಇಂಥ ಕೋರಿಕೆ ನನಗೆ ಹೊಸದಲ್ಲ, ಈ ಹವ್ಯಾಸದಲ್ಲಿ ಇರುವ ಯಾರನ್ನು ಕೇಳಿದರೂ ಮೊದಲ ಇಂಜಿನ್ ಬಗ್ಗೆ ಒಂದು ಕಥೆ ಬರುತ್ತದೆ. ಆದರೆ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಅವರ ಮೊದಲ ಹೇಳಿಕೆಯನ್ನೇ ನಂಬಿ ಹೊರಟಿದ್ದರೆ ನಾವು ಬೇರೆಯದೇ ಇಂಜಿನ್ ಕೊಂಡು, "ಇದೇ ಅದು" ಅಂತ ತೃಪ್ತಿಪಟ್ಟುಕೊಂಡು ಕೂತಿರುತ್ತಿದ್ದೆವು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಹಸಿರು ಕಣಪ್ಪ. ಉದ್ದಕ್ಕಿತ್ತು. ಮುಂದೆ ಮೂತಿ ಚಾಚಿಕೊಂಡಿತ್ತು. ಮೇಲೆ ಹೊಗೆಕೊಳವೆ ಇತ್ತು, ಹೊಗೆನೂ ಬರ್ತಿತ್ತು. ಚಕ್ರಗಳಿಗೆ ಸೇರಿಸಿ ಸರಳು ಇತ್ತು, ಅದು ಹಿಂದೆ ಮುಂದೆ ಆಡ್ತಿತ್ತು." ತಯಾರಕರ ಹೆಸರು? ನೆನಪಿಲ್ಲ. ನಂಬರ್? ನೆನಪಿಲ್ಲ. ಹಳಿಯ ಅಗಲವನ್ನು ಬೆರಳುಗಳಲ್ಲಿ ತೋರಿಸಿದರು, ಸುಮಾರು ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಅಂದರೆ 16.5 ಮಿಲಿಮೀಟರ್ ಹಳಿ, ಎಚ್‌ಓ ಅಥವಾ ಡಬಲ್ ಓ. ಎಚ್‌ಓ ಅಂದರೆ ಅಸಲಿಯ 87ರಲ್ಲಿ ಒಂದು ಭಾಗ. ಬ್ರಿಟನ್ನಿನ ಡಬಲ್ ಓ ಸ್ವಲ್ಪ ದೊಡ್ಡದು, 76ರಲ್ಲಿ ಒಂದು ಭಾಗ, ಆದರೆ ಹಳಿ ಅದೇ ಅಗಲದ್ದು. ಹಾಗಾಗಿ ಬೆರಳಿನ ಅಳತೆಯಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಹಸಿರು ಸ್ಟೀಮ್ ಇಂಜಿನ್ ಅಂದ ತಕ್ಷಣ ಎಲ್ಲರ ಕೈ ಬ್ರಿಟನ್ನಿನ ಹಳೆಯ ಕ್ಯಾಟಲಾಗ್‌ಗಳ ಕಡೆ ಹೋಗುತ್ತದೆ. ಹಾರ್ನ್‌ಬಿ ಡಬ್ಲೋ 1938ರಲ್ಲಿ ಶುರುವಾಯಿತು, ಟ್ರೈಆಂಗ್ 1950ರ ದಶಕದಲ್ಲಿ ಬಂತು, ಇಬ್ಬರ ಪಟ್ಟಿಯಲ್ಲೂ ಹಸಿರಿಗೆ ಬರವಿಲ್ಲ. ಅವರು ನನ್ನ ಹತ್ತಿರ ಬರುವ ಮೊದಲೇ ಒಂದಷ್ಟು ಚಿತ್ರ ನೋಡಿಕೊಂಡು ಬಂದಿದ್ದರು. ಸಮಸ್ಯೆ ಏನೆಂದರೆ ಪ್ರತಿಯೊಂದು ಚಿತ್ರಕ್ಕೂ "ಇದೇ ಇರಬೇಕು" ಅನ್ನುತ್ತಿದ್ದರು. ಒಂದನ್ನು ನೋಡಿದ ಮೇಲೆ ಆ ಇಂಜಿನ್ನಿನ ಎರಡು ವಿವರ ಅವರ ಮುಂದಿನ ಹೇಳಿಕೆಗೆ ಸೇರಿಕೊಳ್ಳುತ್ತಿತ್ತು. ಮೊದಲು ಇಲ್ಲದ ಟೆಂಡರ್, ಅಂದರೆ ಇಂಜಿನ್ನಿನ ಹಿಂದೆ ಕಲ್ಲಿದ್ದಲು ಹೊರುವ ಬಂಡಿ, ಆಮೇಲೆ ಬಂತು, ಮೊದಲು ಇಲ್ಲದ ಕೆಂಪು ಗೆರೆ ಅದಾದ ಮೇಲೆ ಬಂತು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ನೆನಪು ಇರುವುದೇ ಹಾಗೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಾರುಗಳು ಡಿಕ್ಕಿಯಾಗುವ ದೃಶ್ಯ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಕಾರುಗಳು "ತಾಗಿದಾಗ" ಅಂತ ಕೇಳಿಸಿಕೊಂಡವರು ಕಡಿಮೆ ವೇಗ ಹೇಳಿದರು, "ನುಜ್ಜುಗುಜ್ಜಾಗುವ ಹಾಗೆ ಗುದ್ದಿದಾಗ" ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು. ಒಂದು ವಾರದ ನಂತರ ಕೇಳಿದರೆ, ಆ ಎರಡನೇ ಗುಂಪಿನಲ್ಲಿ ಜಾಸ್ತಿ ಜನ ಒಡೆದ ಗಾಜು ನೋಡಿದ್ದಾಗಿ ಹೇಳಿದರು, ಅಸಲಿಗೆ ಆ ದೃಶ್ಯದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರಶ್ನೆಯ ಒಂದು ಪದ ಇಷ್ಟು ಮಾಡುತ್ತದೆ ಅಂದರೆ ಬಣ್ಣಬಣ್ಣದ ಕ್ಯಾಟಲಾಗ್ ಪುಟ ಎಷ್ಟು ಮಾಡಬೇಡ ಹೇಳಿ.

ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಂಡೆವು. ಇನ್ನು ಮೇಲೆ ಚಿತ್ರ ನೋಡುವುದಿಲ್ಲ. ಬಣ್ಣ, ನಂಬರ್, ಆಕಾರ, ಇವುಗಳ ಬಗ್ಗೆ ನಾನು ಕೇಳುವುದಿಲ್ಲ. ಕೈ ಏನು ಮಾಡುತ್ತಿತ್ತು ಅಂತ ಮಾತ್ರ ಕೇಳುತ್ತೇನೆ.

ಕೈಯನ್ನೇ ಯಾಕೆ ನಂಬಬೇಕು ಅಂತ ಅವರು ಕೇಳಿದರು, ಸರಿಯಾದ ಪ್ರಶ್ನೆ. ಹೆನ್ರಿ ಮೊಲೈಸನ್ ಎಂಬುವವರಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಅವರಿಗೆ ಹೊಸದೇನೂ ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಮೊಲೈಸನ್ ಅವರಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು, ಆದರೆ ಪ್ರತಿ ದಿನವೂ ಇಂಥ ಕೆಲಸ ತಾನು ಯಾವತ್ತೂ ಮಾಡಿಲ್ಲ ಅನ್ನುತ್ತಿದ್ದರು. ಕೈ ಕಲಿತದ್ದು ಒಂದು ಕಡೆ ಇರುತ್ತದೆ, ಘಟನೆಯ ನೆನಪು ಇನ್ನೊಂದು ಕಡೆ. ನಮ್ಮ ಸಂದರ್ಭಕ್ಕೆ ಇದರಿಂದ ಸಿಗುವ ಲಾಭ ಹೀಗೆ: ಹುಡುಗನೊಬ್ಬ ತನ್ನ ಇಂಜಿನ್ನಿನ ಚಿತ್ರವನ್ನು ಆಮೇಲೆ ಸಾವಿರ ಚಿತ್ರಗಳ ಜೊತೆ ಬೆರೆಸಿಕೊಂಡಿರಬಹುದು, ಆದರೆ ಅದನ್ನು ಹಿಂದಕ್ಕೆ ಓಡಿಸಲು ಕೈ ಏನು ಮಾಡಬೇಕಿತ್ತು ಅನ್ನುವುದನ್ನು ಬೆರೆಸಿಕೊಳ್ಳಲು ಅವನಿಗೆ ಬೇರೆ ಅವಕಾಶವೇ ಬಂದಿರುವುದಿಲ್ಲ. ಅವರ ಮನೆಯಲ್ಲಿ ಇದ್ದದ್ದು ಒಂದೇ ಸೆಟ್.

ನನ್ನ ಮೊದಲ ಪ್ರಶ್ನೆ: "ಸರ್, ಇಂಜಿನ್ ಹಿಂದಕ್ಕೆ ಹೋಗಬೇಕು. ಈಗ ನಿಮ್ಮ ಕೈ ಏನು ಮಾಡುತ್ತೆ?"

ಅವರು ಉತ್ತರ ಹೇಳಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಇಟ್ಟು, ಒಂದು ದೊಡ್ಡ ನಾಬ್ ಹಿಡಿದ ಹಾಗೆ ಬೆರಳು ಮಡಚಿ, ಎಡಕ್ಕೆ ಪೂರ್ತಿ ತಿರುಗಿಸಿದರು. ಆಮೇಲೆ, ನಿಂತ ಜಾಗದಿಂದ ಇನ್ನೂ ಸ್ವಲ್ಪ, ಒಂದು ಸ್ಪ್ರಿಂಗ್ ವಿರುದ್ಧ ಒತ್ತುವ ಹಾಗೆ, ಟಕ್ ಅಂತ ಎಡಕ್ಕೇ ನೂಕಿ ಬಿಟ್ಟರು. ಬಿಟ್ಟ ತಕ್ಷಣ ಅವರ ತಲೆ ಸ್ವಲ್ಪ ಹಿಂದೆ ಸರಿಯಿತು. ಯಾಕೆ ಅಂತ ಕೇಳಿದೆ. "ಒಂದು ಸಲ ನೆಗೀತಿತ್ತಲ್ಲ. ದೀಪಾನೂ ಫಳ್ ಅಂತ ಹೊಳೀತಿತ್ತು."

ಈ ಕ್ಷಣದಲ್ಲಿ ಪ್ರಕರಣ ಮುಕ್ಕಾಲು ಭಾಗ ಮುಗಿಯಿತು ಅಂತ ನನಗನ್ನಿಸಿತು. ಆದರೂ ಬಾಯಿ ಬಿಡಲಿಲ್ಲ.

ಇದು ಯಾಕೆ ಅಷ್ಟು ಮುಖ್ಯ ಅಂತ ವಿವರಿಸುತ್ತೇನೆ, ಇದೇ ಈ ಪ್ರಕರಣದ ತಿರುಳು. ಬ್ಯಾಟರಿಯ ಹಾಗೆ ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ಕರೆಂಟಿನಲ್ಲಿ ಓಡುವ ಮಾಡೆಲ್ ಇಂಜಿನ್‌ಗಳನ್ನು ಹಿಂದಕ್ಕೆ ಓಡಿಸುವುದು ತುಂಬಾ ಸುಲಭ. ಹಳಿಗೆ ಹೋಗುವ ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಸಾಕು. ನಾಬ್ ನಡುವೆ ಇದ್ದರೆ ನಿಂತಿರುತ್ತದೆ, ಒಂದು ಕಡೆ ತಿರುಗಿಸಿದರೆ ಮುಂದೆ, ಇನ್ನೊಂದು ಕಡೆ ತಿರುಗಿಸಿದರೆ ಹಿಂದೆ, ಇಲ್ಲವೇ ಪಕ್ಕದಲ್ಲಿ ಒಂದು ಸ್ವಿಚ್ ಇರುತ್ತದೆ. ನೆಗೆತ ಇಲ್ಲ, ದೀಪ ಫಳ್ ಅನ್ನುವುದೂ ಇಲ್ಲ. ಟ್ರೈಆಂಗ್ ಹೀಗೆ, ಹಾರ್ನ್‌ಬಿ ಡಬ್ಲೋ ಕೂಡ ಹೀಗೇ. ಡಬ್ಲೋಗೆ ಮೊದಮೊದಲು ನಡುವೆ ಮೂರನೇ ಹಳಿ ಇತ್ತು, ಆದರೆ ಕರೆಂಟು ಮಾತ್ರ 12 ವೋಲ್ಟ್ ಡಿಸಿ.

ಕ್ಷಣಕ್ಷಣಕ್ಕೂ ದಿಕ್ಕು ಬದಲಾಯಿಸುವ ಎಸಿ ಕರೆಂಟಿನಲ್ಲಿ ಓಡುವ ಇಂಜಿನ್‌ಗಳ ಕಥೆ ಬೇರೆ. ಅಲ್ಲಿ ಪ್ಲಸ್ ಮೈನಸ್ ಬದಲಾಯಿಸುವ ಮಾತೇ ಇಲ್ಲ, ದಿಕ್ಕು ಬದಲಾಯಿಸುವ ಕೆಲಸ ಇಂಜಿನ್ನಿನ ಹೊಟ್ಟೆಯೊಳಗೇ ಆಗಬೇಕು. ಅಮೆರಿಕದ ಲಯನೆಲ್‌ನವರು ಇಂಜಿನ್ನಿನ ಒಳಗೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆಡುವ ಸ್ವಿಚ್, ಇಟ್ಟರು, ಕರೆಂಟು ಒಂದು ಸಲ ಕಡಿದು ಮತ್ತೆ ಕೊಟ್ಟರೆ ಅದು ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮುಂದೆ, ನ್ಯೂಟ್ರಲ್, ಹಿಂದೆ, ಮತ್ತೆ ನ್ಯೂಟ್ರಲ್. ಜರ್ಮನಿಯ ಮ್ಯಾರ್ಕ್ಲಿನ್‌ನವರು ಬೇರೆ ದಾರಿ ಹಿಡಿದರು. ಓಡುವುದಕ್ಕೆ ಗರಿಷ್ಠ 16 ವೋಲ್ಟ್. ನಾಬ್ ಅನ್ನು ಸೊನ್ನೆಗಿಂತ ಆಚೆ ಒಂದು ಕ್ಷಣ ಒತ್ತಿದರೆ ಹಳಿಗೆ 24 ವೋಲ್ಟ್ ಹೋಗುತ್ತದೆ. ಇಂಜಿನ್ ಒಳಗಿನ ರಿಲೇಯನ್ನು ಒಂದು ಸಣ್ಣ ಸ್ಪ್ರಿಂಗ್ ಹಿಡಿದಿಟ್ಟಿರುತ್ತದೆ, 16 ವೋಲ್ಟಿಗೆ ಅದು ಜಗ್ಗುವುದಿಲ್ಲ, 24ಕ್ಕೆ ಜಗ್ಗುತ್ತದೆ. ಜಗ್ಗಿದಾಗ ಮೋಟರಿನ ಎರಡು ಕಾಯಿಲ್‌ಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕರೆಂಟು ಕೊಡುತ್ತದೆ, ಇಂಜಿನ್ ತಿರುಗಿ ಹೊರಡುತ್ತದೆ. ರಿಲೇ ಪೂರ್ತಿ ಜಗ್ಗುವ ಮುಂಚೆ ಆ 24 ವೋಲ್ಟ್ ಮೋಟರಿಗೂ ಮುಟ್ಟುತ್ತದೆ. ಅದೇ ಆ ನೆಗೆತ. ಬಲ್ಬಿಗೂ ಮುಟ್ಟುತ್ತದೆ. ಅದೇ ಆ ಹೊಳಪು.

ಅವರ ಕೈ ಮಾಡಿ ತೋರಿಸಿದ್ದು ಇದನ್ನೇ. ಯಾವ ಕ್ಯಾಟಲಾಗ್ ಚಿತ್ರವೂ ಈ ಚಲನೆಯನ್ನು ಅವರ ಕೈಗೆ ಕಲಿಸಲು ಸಾಧ್ಯವಿಲ್ಲ, ಅಲ್ವಾ?

ಎರಡನೇ ಪ್ರಶ್ನೆ ಹಳಿಯ ಬಗ್ಗೆ. ಹಳಿ ನೋಡಲು ಹೇಗಿತ್ತು ಅಂತ ಕೇಳಲಿಲ್ಲ. ಹಳಿ ಜೋಡಿಸಿ ಏನೇನು ಆಟ ಆಡುತ್ತಿದ್ದಿರಿ ಅಂತ ಕೇಳಿದೆ. ಇದಕ್ಕೆ ಉತ್ತರ ಕೊಟ್ಟಿದ್ದು ಅಕ್ಕ, ಫೋನಿನಲ್ಲಿ. "ನೋಡಪ್ಪ, ಇವನು ಹಾಸಿಗೆ ಕೆಳಗಿನ ತನಕ ಹಳಿ ಹಾಕ್ತಿದ್ದ. ರೈಲು ಒಳಗೆ ಹೋಗಿ, ಸುತ್ತು ಹಾಕ್ಕೊಂಡು, ಅದೇ ಹಳಿ ಮೇಲೆ ಮುಖ ಮಾಡ್ಕೊಂಡು ವಾಪಸ್ ಬರ್ತಿತ್ತು. ನಾನು ಈ ಕಡೆ ಕಾಯ್ತಾ ಕೂತಿರ್ತಿದ್ದೆ."

ಅಕ್ಕ ಹೇಳಿದ್ದು ಒಂದು ದೊಡ್ಡ ಸಾಕ್ಷಿ ಅಂತ ಅವರಿಗೆ ಗೊತ್ತಿರಲಿಲ್ಲ. ಒಂದು ಪಾಯಿಂಟ್, ಅಂದರೆ ಹಳಿ ಎರಡಾಗಿ ಕವಲೊಡೆಯುವ ತುಂಡು, ಹಾಕಿ, ಹಳಿಯನ್ನು ಕುಣಿಕೆಯ ಹಾಗೆ ಸುತ್ತಿಸಿ, ಅದೇ ಪಾಯಿಂಟಿಗೆ ತಂದು ಸೇರಿಸುವುದು ಎರಡು ಹಳಿಯ ಡಿಸಿ ವ್ಯವಸ್ಥೆಯಲ್ಲಿ ಸುಮ್ನೆ ಆಗುವ ಕೆಲಸವಲ್ಲ. ಎಡಗಡೆ ಹಳಿ ಪ್ಲಸ್, ಬಲಗಡೆ ಹಳಿ ಮೈನಸ್ ಅಂದುಕೊಳ್ಳಿ. ಕುಣಿಕೆ ಸುತ್ತಿ ಬಂದಾಗ ಎಡಗಡೆಯ ಹಳಿ ಹೋಗಿ ಬಲಗಡೆಯದಕ್ಕೆ ಸೇರುತ್ತದೆ, ಶಾರ್ಟ್ ಆಗುತ್ತದೆ. ಹಳಿ ಕತ್ತರಿಸಿ ಬೇರೆ ವೈರಿಂಗ್ ಮಾಡಬೇಕು, ಸ್ವಿಚ್ ಹಾಕಬೇಕು. ಹಾಸಿಗೆ ಕೆಳಗೆ ಹಳಿ ಹಾಕುವ ಮಕ್ಕಳು ಅದನ್ನೆಲ್ಲ ಮಾಡುವುದಿಲ್ಲ. ಮ್ಯಾರ್ಕ್ಲಿನ್ ಹಳಿಯಲ್ಲಿ ಎರಡೂ ಪಕ್ಕದ ಹಳಿಗಳು ಒಂದೇ ತಂತಿಯ ಹಾಗೆ, ಕರೆಂಟು ಬರುವುದು ನಡುವೆ ಸಾಲಾಗಿರುವ ಲೋಹದ ಚುಕ್ಕೆಗಳಿಂದ. ಕುಣಿಕೆ ಹೇಗೆ ಸುತ್ತಿಸಿದರೂ ನಡು ನಡುವೇ. ಅದಕ್ಕೆ ಅಲ್ಲಿ ಯಾವ ಮಗು ಬೇಕಾದರೂ ಕುಣಿಕೆ ಹಾಕಬಹುದು. ಈ ಒಂದು ಗುಣಕ್ಕಾಗಿಯೇ ಮೂರು ಹಳಿಯ ವ್ಯವಸ್ಥೆಯನ್ನು ನಾನು ಇವತ್ತಿಗೂ ಮಕ್ಕಳಿಗೆ ಒಳ್ಳೆಯದು ಅನ್ನುತ್ತೇನೆ, ನಡುವಿನ ಚುಕ್ಕೆಗಳು ಅಸಲಿ ರೈಲಿನಲ್ಲಿ ಇರುವುದಿಲ್ಲ ಅಂತ ಬೇಕಾದಷ್ಟು ಜನ ಮೂಗು ಮುರಿಯಲಿ.

ನಡುವೆ ಕರೆಂಟು ಬರುವ ಇನ್ನೊಂದು ಜರ್ಮನ್ ಹೆಸರು ಟ್ರಿಕ್ಸ್ ಎಕ್ಸ್‌ಪ್ರೆಸ್. ಅವರದ್ದೂ 1935ರಲ್ಲೇ ಶುರು, ಮ್ಯಾರ್ಕ್ಲಿನ್‌ನ ಮೇಜಿನ ಮೇಲಿನ ಸಣ್ಣ ರೈಲು ಕೂಡ ಅದೇ ವರ್ಷದ್ದು. ಆದರೆ ಟ್ರಿಕ್ಸ್‌ನಲ್ಲಿ ಮೂರೂ ಹಳಿಗಳು ಬೇರೆ ಬೇರೆ, ಎಡದ್ದನ್ನು ಒಂದು ಇಂಜಿನ್ನಿಗೆ, ಬಲದ್ದನ್ನು ಇನ್ನೊಂದಕ್ಕೆ ಕೊಟ್ಟು ಒಂದೇ ದಾರಿಯಲ್ಲಿ ಎರಡು ರೈಲುಗಳನ್ನು ಬೇರೆ ಬೇರೆಯಾಗಿ ಓಡಿಸಬಹುದಿತ್ತು. ಎಡ ಬಲ ಬೇರೆ ಆದ ಮೇಲೆ ಕುಣಿಕೆಯ ಮುಕ್ತ ಆಟವೂ ಹೋಯಿತು. ಲಯನೆಲ್ ಹಳಿ ಬಹುಪಾಲು 32 ಮಿಲಿಮೀಟರಿನ ಓ ಗೇಜ್, ಅವರು ಬೆರಳಲ್ಲಿ ತೋರಿಸಿದ ಅಳತೆಯ ಹತ್ತಿರ ಹತ್ತಿರ ಎರಡು ಪಟ್ಟು. ಉಳಿದದ್ದು ಮ್ಯಾರ್ಕ್ಲಿನ್ ಒಂದೇ.

ಆದರೆ ಮ್ಯಾರ್ಕ್ಲಿನ್‌ನ ಯಾವ ಇಂಜಿನ್? ಇಲ್ಲಿ ಹಸಿರು ಅಡ್ಡ ಬಂತು. ಆ ಕಾಲದ ಮ್ಯಾರ್ಕ್ಲಿನ್ ಸ್ಟೀಮ್ ಇಂಜಿನ್‌ಗಳು ಬಹುಪಾಲು ಜರ್ಮನ್ ರೈಲ್ವೆಯ ಮಾದರಿಗಳು, ಅಂದರೆ ಕಪ್ಪು ಮೈ, ಕೆಂಪು ಚಕ್ರ. ನಾನು ಮತ್ತೆ ಕೈಗೇ ಹೋದೆ. ಇಂಜಿನ್ನನ್ನು ಹಳಿಯ ಮೇಲೆ ಇಡುವುದು ಹೇಗೆ, ತೋರಿಸಿ ಅಂದೆ. ಒಂದೇ ಕೈಯಲ್ಲಿ ತೋರಿಸಿದರು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಅಂಗೈ ಮೇಲೆ ಮುಚ್ಚಿಕೊಂಡಿತು. ಉದ್ದದ ಟೆಂಡರ್ ಇಂಜಿನ್ನನ್ನು ಹೀಗೆ ಒಂದು ಕೈಯಲ್ಲಿ, ಅದೂ ಮಗುವಿನ ಒಂದು ಕೈಯಲ್ಲಿ, ಹಳಿಗೆ ಕೂರಿಸುವುದು ಕಷ್ಟ. ಇಂಜಿನ್ ಒಂದು ಕೈ, ಟೆಂಡರ್ ಇನ್ನೊಂದು ಕೈ ಬೇಕೇ ಬೇಕು. ಅವರ ಕೈ ನೆನಪಿಟ್ಟಿದ್ದು ಚಿಕ್ಕ ಇಂಜಿನ್ನನ್ನು. "ಭಾರ ಇತ್ತು" ಅಂತ ಅವರೇ ಸೇರಿಸಿದರು, "ಕೈ ಜಾರಿದ್ರೆ ಕಾಲಿಗೆ ಪೆಟ್ಟಾಗ್ತಿತ್ತು."

ಚಿಕ್ಕದು, ಭಾರದ್ದು, ಸರಳು ಇರುವುದು, ಹೊಗೆಕೊಳವೆ ಇರುವುದು, ಮೊದಲ ಸೆಟ್ಟಿನಲ್ಲಿ ಬರುವಂಥದ್ದು. ಮ್ಯಾರ್ಕ್ಲಿನ್ ಬಲ್ಲವರಿಗೆ ಈ ಹೊತ್ತಿಗೆ ಉತ್ತರ ಹೊಳೆದಿರುತ್ತದೆ. 3000 ಅನ್ನುವ ನಂಬರಿನ ಇಂಜಿನ್. ಮೂರು ಜೋಡಿ ಚಕ್ರ, ಟೆಂಡರ್ ಇಲ್ಲ, ನೀರಿನ ತೊಟ್ಟಿಗಳು ಪಕ್ಕದಲ್ಲೇ, ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಮೈ, ಉದ್ದ ಸುಮಾರು 11 ಸೆಂಟಿಮೀಟರ್. ಜರ್ಮನ್ ರೈಲ್ವೆಯ 89 ಅನ್ನುವ ವರ್ಗದ ಇಂಜಿನ್ನಿನ ಮಾದರಿ ಇದು. 1930ರ ದಶಕದಲ್ಲಿ ಆ ಅಸಲಿ ಇಂಜಿನ್‌ಗಳು ತಯಾರಾದದ್ದು ಬರೀ 10, ಆದರೆ ಅದರ ಮಾಡೆಲ್ ದಶಕಗಳ ಕಾಲ ಎಷ್ಟೋ ಮನೆಗಳಿಗೆ ಮೊದಲ ಇಂಜಿನ್ನಾಗಿ ಹೋಯಿತು. ಶಂಟಿಂಗ್ ಕೆಲಸಕ್ಕೆ ಮಾಡಿದ ಸಣ್ಣ ಇಂಜಿನ್ನಿಗೆ ಇಂಥ ಎರಡನೇ ಜನ್ಮ ಸಿಕ್ಕಿದ್ದು ನನಗೆ ತುಂಬಾ ಸಂತೋಷ ಕೊಡುವ ವಿಷಯ.

ಈ ಹೆಸರನ್ನು ಆಗಲೂ ಅವರಿಗೆ ಹೇಳಲಿಲ್ಲ. ಒಂದು ಪರೀಕ್ಷೆ ಬೇಕಿತ್ತು. ಇನ್ನೊಬ್ಬ ಹವ್ಯಾಸಿ ಗೆಳೆಯರಿಂದ ಮೂರು ಇಂಜಿನ್ ತರಿಸಿದೆ: ಒಂದು 3000, ಅಷ್ಟೇ ಗಾತ್ರದ ಆದರೆ ಪ್ಲಾಸ್ಟಿಕ್ ಮೈಯ ಬೇರೆ ತಯಾರಕರದ್ದು ಒಂದು, ಉದ್ದದ ಟೆಂಡರ್ ಇಂಜಿನ್ ಒಂದು. ಕೊಡುವಾಗ ನನ್ನ ಮುಖ ನೋಡಿ ಅವರು ಊಹಿಸಬಾರದು, ಅದಕ್ಕೆ ನಾನು ಕೋಣೆಯಿಂದ ಆಚೆ ಹೋದೆ. ನಮ್ಮ ಊಹೆ ಏನು ಅಂತ ಗೊತ್ತಿಲ್ಲದ ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿದ ಅವರ ಕೈಗೆ ಒಂದೊಂದಾಗಿ ಕೊಟ್ಟರು, ನಡೆದದ್ದನ್ನು ಬರೆದುಕೊಂಡರು. ಉದ್ದದ್ದನ್ನು ತಕ್ಷಣ ವಾಪಸ್ ಕೊಟ್ಟರಂತೆ. ಪ್ಲಾಸ್ಟಿಕ್ಕಿನದನ್ನು ಸ್ವಲ್ಪ ಹೊತ್ತು ತೂಗಿ ನೋಡಿ, "ಟೊಳ್ಳು" ಅಂದರಂತೆ. 3000 ಕೈಗೆ ಬಂದಾಗ ಮಾತಾಡಲಿಲ್ಲ. ಅದನ್ನು ಬೋರಲು ಹಾಕಿದರು, ಹೆಬ್ಬೆರಳು ಕೆಳಗಡೆ ಇದ್ದ ಉದ್ದದ ಲೋಹದ ಪಟ್ಟಿಯನ್ನು ಹುಡುಕಿಕೊಂಡು ಹೋಗಿ ಎರಡು ಮೂರು ಸಲ ಒತ್ತಿ ಬಿಟ್ಟಿತು.

ಆ ಪಟ್ಟಿಯೇ ಹಳಿಯ ನಡುವಿನ ಚುಕ್ಕೆಗಳಿಂದ ಕರೆಂಟು ತೆಗೆದುಕೊಳ್ಳುವುದು, ಸ್ಪ್ರಿಂಗಿನ ಹಾಗೆ ಮೇಲೆ ಕೆಳಗೆ ಆಡುತ್ತದೆ. ಇಂಜಿನ್ನಿನ ಕೆಳಗೆ ಏನಿತ್ತು ಅಂತ ನಾನು ಅವರನ್ನು ಆ ತನಕ ಕೇಳಿರಲೇ ಇಲ್ಲ. ಹಾಗಾಗಿ ಇದು ನನ್ನ ಪ್ರಶ್ನೆಯಿಂದ ಹುಟ್ಟಿದ ನೆನಪಲ್ಲ. ಇಡೀ ಪ್ರಕರಣದಲ್ಲಿ ನಾನು ಜಾಸ್ತಿ ಬೆಲೆ ಕೊಡುವ ಸಾಕ್ಷಿ ಇದು.

ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಅವರಿಗೆ ಬೇಜಾರಾಯಿತು. ಅದನ್ನು ಮುಚ್ಚಿಡುವುದಿಲ್ಲ. "ಇದು ಕಪ್ಪು. ನಂದು ಹಸಿರು" ಅಂದರು. ಕೈ ಒಪ್ಪಿಕೊಂಡದ್ದನ್ನು ಕಣ್ಣು ಒಪ್ಪಲಿಲ್ಲ. ಬಹಳ ಹೊತ್ತು ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಹಾಗಾದರೆ ಹಸಿರು ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಗದೆ ಪ್ರಕರಣ ಮುಗಿಸಲು ನನಗೆ ಮನಸ್ಸಿರಲಿಲ್ಲ. ಹಸಿರು, ಉದ್ದ, ಚಾಚಿಕೊಂಡ ಮೂತಿ, ಚಕ್ರಗಳಿಗೆ ಸರಳು. ಹೊಗೆಕೊಳವೆಯನ್ನು ಬದಿಗಿಟ್ಟು ಇಷ್ಟನ್ನೇ ಓದಿ ನೋಡಿ. ಮ್ಯಾರ್ಕ್ಲಿನ್ ಕ್ಯಾಟಲಾಗ್ ನೋಡಿ ಬೆಳೆದ ಯಾರಿಗಾದರೂ ಮೊಸಳೆ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಬೆಟ್ಟದ ದಾರಿಗೆ 1919ರಿಂದ ತಯಾರಿಸಿದ ಎಲೆಕ್ಟ್ರಿಕ್ ಇಂಜಿನ್‌ಗಳು ಅವು. ನಡುವೆ ಚಾಲಕರ ಕೋಣೆ, ಹಿಂದೆ ಮುಂದೆ ಎರಡು ಉದ್ದ ಮೂತಿ, ತಿರುವಿನಲ್ಲಿ ಮೈ ಮೂರು ಭಾಗವಾಗಿ ಬಳುಕುತ್ತದೆ, ಅದಕ್ಕೇ ಆ ಅಡ್ಡಹೆಸರು. ಮ್ಯಾರ್ಕ್ಲಿನ್ ಅದರ ಎಚ್‌ಓ ಮಾಡೆಲನ್ನು 1947ರಲ್ಲಿ ತಂದಿತು. ಹಸಿರು ಬಣ್ಣ. ದುಬಾರಿ. ಆ ಕಾಲದ ಮಕ್ಕಳಲ್ಲಿ ಅದನ್ನು ಪುಟದಲ್ಲಿ ನೋಡಿದವರು ಬಹಳ, ಕೈಯಲ್ಲಿ ಹಿಡಿದವರು ಕಮ್ಮಿ.

ಅಕ್ಕನಿಗೆ ಫೋನು ಮಾಡಿ, ಮೊಸಳೆ ಅನ್ನುವ ಪದ ಬಾಯಿಗೆ ಬಾರದ ಹಾಗೆ, ತಮ್ಮನಿಗೆ ಆಗ ಯಾವ ಇಂಜಿನ್ ಇಷ್ಟ ಇತ್ತು ಅಂತ ಮಾತ್ರ ಕೇಳಿದೆ. "ಅಯ್ಯೋ, ಅವನ ಹತ್ರ ಒಂದು ಪುಸ್ತಕ ಇತ್ತಲ್ಲ, ರೈಲಿಂದು, ಅದನ್ನ ದಿಂಬಿನ ಕೆಳಗೇ ಇಟ್ಕೊಂಡು ಮಲಗ್ತಿದ್ದ. ಅದರಲ್ಲಿ ಒಂದು ಪುಟ ಪೂರ್ತಿ ಸವೆದುಹೋಗಿತ್ತು. ಎರಡು ಮೂತಿ ಇರೋದು." ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ತಮ್ಮನಿಗೆ ಆಗ ನೆನಪಾಯಿತು. ಬೇಡಿದ್ದು ಅದು, ಸಿಕ್ಕಿದ್ದು ಇದು. ವರ್ಷಗಳು ಕಳೆದ ಹಾಗೆ ಬೇಡಿದ್ದರ ಬಣ್ಣ ಮತ್ತು ಉದ್ದ ಸಿಕ್ಕಿದ್ದರ ಹೊಗೆಕೊಳವೆಗೆ ಅಂಟಿಕೊಂಡು, ಎಲ್ಲೂ ಇಲ್ಲದ ಮೂರನೇ ಇಂಜಿನ್ ಒಂದು ತಯಾರಾಗಿತ್ತು.

ಹೊಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 3000ದಲ್ಲಿ ಹೊಗೆ ಬರಿಸುವ ಸಾಧನ ಇರಲಿಲ್ಲ. ಆದರೆ ಮಕ್ಕಳು ಎಣ್ಣೆ ಹಾಕುವಾಗ ಒಂದು ಹನಿ ಬೇಕಾದಲ್ಲಿ ಹತ್ತು ಹನಿ ಹಾಕುತ್ತಾರೆ, ಅದು ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಮ್ಯುಟೇಟರ್ ಮೇಲೆ ಹೋಗಿ, ಅದಕ್ಕೆ ಉಜ್ಜಿಕೊಂಡಿರುವ ಬ್ರಶ್ಶಿನ ಕಿಡಿಗೆ ಸುಟ್ಟು, ತೆಳ್ಳಗೆ ಹೊಗೆ ಬರುತ್ತದೆ, ಜೊತೆಗೆ ಆ ವಾಸನೆ. ವಾಸನೆ ಇತ್ತಾ ಅಂತ ಕೇಳುವ ಮೊದಲೇ ಅವರು ಮೂಗು ಅರಳಿಸಿದ್ದರು. ಹೊಗೆ ನಿಜವಾಗಿಯೂ ಬಂದಿತ್ತು, ಬಂದ ಜಾಗ ಮಾತ್ರ ಕೊಳವೆಯಲ್ಲ.

ಇದೆಲ್ಲ ಆದ ಮೇಲೆ ಅಕ್ಕ ಒಂದು ಹಳೆಯ ಆಲ್ಬಂನಿಂದ ಫೋಟೋ ಕಳಿಸಿದರು. ಕಪ್ಪು ಬಿಳುಪು, ಹಾಗಾಗಿ ಹಸಿರೋ ಕಪ್ಪೋ ಅನ್ನುವುದಕ್ಕೆ ಅದರಿಂದ ಉಪಯೋಗವಿಲ್ಲ. ನೆಲದ ಮೇಲೆ ಹುಡುಗ ಬೋರಲು ಮಲಗಿದ್ದಾನೆ, ಮುಂದೆ ಹಳಿ. ಭೂತಗನ್ನಡಿ ಹಿಡಿದು ನೋಡಿದರೆ ತಗಡಿನ ತಳದ ಹಳಿ, ನಡುವೆ ಸಾಲಾಗಿ ಚುಕ್ಕೆಗಳು ಕಾಣುತ್ತವೆ. ಮ್ಯಾರ್ಕ್ಲಿನ್ ನಡುವಿನ ಇಡೀ ಹಳಿಯನ್ನು ಬಿಟ್ಟು ಚುಕ್ಕೆಗಳಿಗೆ ಬಂದದ್ದು 1950ರ ದಶಕದಲ್ಲಿ, ಹುಡುಗನ ವಯಸ್ಸಿಗೆ ಅದು ಸರಿಹೋಗುತ್ತದೆ. ಹಳಿಯ ಮೇಲೆ ಒಂದು ಗಿಡ್ಡ ಇಂಜಿನ್, ಮೂರು ಜೋಡಿ ಚಕ್ರ, ಪಕ್ಕದಲ್ಲಿ ನೀರಿನ ತೊಟ್ಟಿ. ಈ ಮಾಡೆಲಿನ ಮೇಲೆ 89 028 ಅಂತ ನಂಬರ್ ಇದ್ದವೂ ಇವೆ, 89 006 ಅಂತ ಇದ್ದವೂ ಇವೆ. ಫೋಟೋದಲ್ಲಿ ನಂಬರ್ ಇರುವ ಜಾಗ ಹುಡುಗನ ಬೆರಳಿನ ಹಿಂದೆ ಮರೆಯಾಗಿದೆ.

ಫೋಟೋ ಮೊದಲೇ ಸಿಕ್ಕಿದ್ದರೆ ಎಲ್ಲವೂ ಸುಲಭವಾಗುತ್ತಿತ್ತಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಅದು ಕೊನೆಗೆ ಸಿಕ್ಕಿದ್ದೇ ಒಳ್ಳೆಯದಾಯಿತು. ಮೊದಲೇ ಸಿಕ್ಕಿದ್ದರೆ ಅವರ ಕೈಗೆ ಎಷ್ಟು ಗೊತ್ತಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ಇಂಜಿನ್ನಿನ ಕೆಲಸ. ಬಳಸಿದ 3000 ಒಂದನ್ನು ಕೊಂಡೆವು, 89 006 ನಂಬರಿನದು, ಬಣ್ಣ ಅಂಚುಗಳಲ್ಲಿ ಸವೆದಿತ್ತು, ಓಡುತ್ತಿರಲಿಲ್ಲ. ಇವು ಓಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಮೋಟರ್ ಸುಟ್ಟಿರುವುದಿಲ್ಲ, ಎಣ್ಣೆ ಗಟ್ಟಿಯಾಗಿರುತ್ತದೆ. ಹಳೆಯ ಎಣ್ಣೆ ಕಾಲ ಕಳೆದಂತೆ ಬೆಲ್ಲದ ಪಾಕದ ಹಾಗೆ ಅಂಟಾಗಿ ಗೇರುಗಳನ್ನು ಹಿಡಿದುಬಿಡುತ್ತದೆ. ಅದನ್ನೆಲ್ಲ ತೊಳೆದು, ಕಮ್ಯುಟೇಟರಿನ ತಾಮ್ರದ ಮುಖವನ್ನು ಒರೆಸಿ, ಅದರ ಸೀಳುಗಳಲ್ಲಿ ಕೂತ ಕಪ್ಪನ್ನು ಮರದ ಕಡ್ಡಿಯಲ್ಲಿ ತೆಗೆದೆ. ಈ ಇಂಜಿನ್ನಿನ ಚಪ್ಪಟೆ ಕಮ್ಯುಟೇಟರಿಗೆ ಎರಡು ಬ್ರಶ್ ಒಂದೇ ಥರ ಇರುವುದಿಲ್ಲ, ಒಂದು ಕಾರ್ಬನ್, ಇನ್ನೊಂದು ತಾಮ್ರದ ಜಾಲರಿ ಸುತ್ತಿದ್ದು. ಗೊತ್ತಿಲ್ಲದವರು ಒಂದು ಬೇರೆ ಇದೆಯಲ್ಲ ಅಂತ ಎರಡಕ್ಕೂ ಕಾರ್ಬನ್ ಹಾಕುತ್ತಾರೆ, ಹಾಗೆ ಮಾಡಬೇಡಿ. ಚಕ್ರದ ರಬ್ಬರ್ ಬಳೆಗಳು ಒಣಗಿ ಬಿರುಕು ಬಿಟ್ಟಿದ್ದವು, ಹೊಸದು ಹಾಕಿದೆ. ಕೆಳಗಿನ ಪಟ್ಟಿ ಬಾಗಿತ್ತು, ಅದನ್ನೂ ಬದಲಾಯಿಸಿದೆ.

ನಿಧಾನವಾಗಿ ಮಾಡಬೇಕಾದ್ದು ರಿಲೇಯ ಸ್ಪ್ರಿಂಗ್. ಸಡಿಲವಾದರೆ ಜೋರಾಗಿ ಓಡುವಾಗ ತಾನಾಗಿಯೇ ದಿಕ್ಕು ಬದಲಾಯಿಸಿಬಿಡುತ್ತದೆ. ಬಿಗಿಯಾದರೆ 24 ವೋಲ್ಟ್ ಕೊಟ್ಟರೂ ಜಗ್ಗದೆ, ಇಂಜಿನ್ ಅದೇ ದಿಕ್ಕಿಗೆ ನುಗ್ಗಿ ಮೇಜಿನಿಂದ ಕೆಳಗೆ ಹೋಗುತ್ತದೆ. ಸ್ಪ್ರಿಂಗ್ ಸಿಕ್ಕಿಸುವ ಕೊಂಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಓಡಿಸಿ, ಮೋಟರ್ ಬಿಸಿಯಾದ ಮೇಲೆ ಮತ್ತೆ ನೋಡಬೇಕು, ತಣ್ಣಗಿದ್ದಾಗ ಸರಿ ಇದ್ದದ್ದು ಬಿಸಿಯಾದಾಗ ಸರಿ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮಾತ್ರ ಹಳೆಯದು ಬೇಡ ಅಂತ ನಾನು ಹಟ ಹಿಡಿದೆ. ತಗಡಿನ ಪೆಟ್ಟಿಗೆಯ ಹಳೆಯವು ನೋಡಲು ಚೆನ್ನ, ಆದರೆ ಅವುಗಳ ವೈರಿನ ಮೇಲಿನ ಹೊದಿಕೆ ಒಣಗಿ ಉದುರುತ್ತದೆ, ಮನೆಯ ಕರೆಂಟು ನೇರ ಪೆಟ್ಟಿಗೆಗೇ ಬರಬಹುದು. ಜೊತೆಗೆ ಅವು 220 ವೋಲ್ಟಿಗೆ ಮಾಡಿದವು, ಈಗಿನ 230ಕ್ಕೆ ಹಾಕಿದರೆ ಆ 24ರ ಏಟು ಇನ್ನೂ ಜೋರಾಗುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯ, ಸುರಕ್ಷಿತವಾದ, ಇತ್ತೀಚಿನದೊಂದನ್ನು ಹಾಕಿದೆವು.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ಜಗ್ಗಾಟ ಆಯಿತು. "ಇದಕ್ಕೆ ಹಸಿರು ಬಳಿದರೆ ಹೇಗೆ?" ಅಂದರು. ನಾನು ಬೇಡ ಅಂದೆ. ಈ ಇಂಜಿನ್ನಿನ ಅಂಚು ಸವೆದದ್ದು ಇನ್ಯಾರದೋ ಕೈಯಲ್ಲಿ, ಬಹುಶಃ ಇದು ಆ ಇನ್ನೊಬ್ಬರ ಮೊದಲ ಇಂಜಿನ್ ಆಗಿತ್ತು. ಹಸಿರು ಬೇಕಾದರೆ ಮೊಸಳೆಯನ್ನೇ ತರೋಣ, ಇದನ್ನು ಬಿಟ್ಟುಬಿಡಿ ಅಂದೆ. ಒಪ್ಪಿದರು. ಓಡಿಸುವ ದಿನ ಕುಣಿಕೆಯನ್ನೇ ಹಾಕಿದರು, ಅಕ್ಕ ಬಂದು ಈ ಕಡೆ ಕೂತರು, ಮೊದಲ ಸಲ ನಾಬ್ ಎಡಕ್ಕೆ ಒತ್ತಿದಾಗ ಇಂಜಿನ್ ನೆಗೆಯುವುದಕ್ಕಿಂತ ಒಂದು ಚೂರು ಮುಂಚೆಯೇ ಅವರ ತಲೆ ಹಿಂದೆ ಸರಿಯಿತು.

ಆದರೆ ಪ್ರಕರಣ ಇನ್ನೂ ಪೂರ್ತಿ ಮುಚ್ಚಿಲ್ಲ. ರೈಲು ಓಡುತ್ತಿರುವಾಗ ಅಕ್ಕ ಹೇಳಿದರು, "ಇದು ಎರಡನೇದು ಕಣೋ. ಮೊದಲು ಕೀಲಿ ಕೊಡೋದು ಒಂದಿತ್ತಲ್ಲ, ಕೆಂಪುದು, ನೀನು ಅದನ್ನ ಬಿಚ್ಚಿ ಹಾಳುಮಾಡಿದ್ದೆ." ತಮ್ಮ ಅಂಥದ್ದು ಇರಲೇ ಇಲ್ಲ ಅನ್ನುತ್ತಾರೆ. ಕೆಂಪು ಅನ್ನುವುದನ್ನು ನಾನು ಸದ್ಯಕ್ಕೆ ಬರೆದುಕೊಂಡಿಲ್ಲ. ಕೀಲಿ ಯಾವ ಕಡೆ ಇತ್ತು, ಎಡಗಡೆಯೋ ಬಲಗಡೆಯೋ, ತಿರುಗಿಸುವಾಗ ಇಂಜಿನ್ನನ್ನು ಎಲ್ಲಿ ಹಿಡಿದುಕೊಳ್ಳುತ್ತಿದ್ದಿರಿ, ನಿಲ್ಲಿಸಲು ಯಾವ ಕಡ್ಡಿ ಎಳೆಯುತ್ತಿದ್ದಿರಿ, ಈ ಮೂರನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಕೇಳಬೇಕು. ಅಕ್ಕನ ಕೈಯಿಂದ ಶುರು ಮಾಡುತ್ತೇನೆ.